ಒಂದು ಕ್ರಿಯಾಪದದ ಪೂರ್ವೋತ್ತರ

ಬಾಗಳಿಯ ಕಲ್ಲೇಶ್ವರನ ಗುಡಿಗೆ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದು ನನ್ನ ರೂಢಿ. ಹಳಗನ್ನಡದ ಮೇಲೆ ತರಗತಿಯಲ್ಲಿ ಎಷ್ಟು ಪಾಠ ಹೇಳಿದರೂ ಹುಟ್ಟದ ಪ್ರೀತಿ, ಕಲ್ಲಿನ ಮೇಲೆ ಬೆರಳಾಡಿಸಿ ಒಂದು ಅಕ್ಷರವನ್ನು ತಾನಾಗಿಯೇ ಗುರುತಿಸಿದ ಹುಡುಗನಿಗೆ ಒಂದೇ ಗಳಿಗೆಯಲ್ಲಿ ಹುಟ್ಟಿಬಿಡುತ್ತದೆ. ಆದುದರಿಂದ ಅಲ್ಲಿಗೆ ಹೋದಾಗ ನಾನು ಹೆಚ್ಚು ಮಾತನಾಡುವುದಿಲ್ಲ. ಹುಡುಗರನ್ನು ಶಾಸನದ ಕಲ್ಲುಗಳ ಮುಂದೆ ಬಿಟ್ಟು, ನಾನು ಕಂಬದ ನೆರಳಿನಲ್ಲಿ ಕುಳಿತುಕೊಳ್ಳುತ್ತೇನೆ.

ಈಚೆಗೆ ಹೀಗೆ ಕುಳಿತಿದ್ದಾಗ ಒಬ್ಬ ಹುಡುಗ ಬಂದು, "ಸರ್, ಶಾಸನದಾಗ ಎಲ್ಲಿ ನೋಡಿದ್ರೂ ಬಿಟ್ಟರ್, ಬಿಟ್ಟರ್ ಅಂತ ಬರ್ತದ ಅಂದ್ರಲ್ರೀ, ಏನು ಬಿಟ್ಟರು?" ಎಂದು ಕೇಳಿದನು. "ಭೂಮಿ ಬಿಟ್ಟರಪ್ಪ; ದೇವರಿಗೆ ಬಿಟ್ಟರು" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಚೀಲದಿಂದ ಒಂದು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾಗದವನ್ನು ಹೊರಗೆ ತೆಗೆದನು. ಮಡಿಕೆ ಬಿದ್ದಲ್ಲೆಲ್ಲ ಹರಿದುಹೋಗಿದ್ದ, ಬೆರಳಚ್ಚಿನ ಇಂಗ್ಲಿಷ್ ನಕಲು. "ನಮ್ಮಜ್ಜಂದು ರೀ. ನಮ್ಮನ್ಯಾಗ ತಳವಾರಿಕಿ ಹೊಲ ಇತ್ತಂತ. ಇದರಾಗ ಹೊಲ ರೆಸ್ಯೂಮ್ ಆಗೇತಿ ಅಂತ ಬರದಾರ. ಫೋನ್‌ನಾಗ ನೋಡೀನಿ ರೀ, ಮತ್ತೆ ಶುರು ಮಾಡು ಅಂತ ಅರ್ಥ ಕೊಡ್ತದ. ಅಂದ್ರ ಹೊಲ ನಮಗ ಮತ್ತೆ ಚಾಲೂ ಆಗೇತಿ ಅಂತ ಅಲ್ರೀ?"

ಅವನ ಮನೆಯವರು ಎರಡು ತಲೆಮಾರಿನಿಂದ ಹಾಗೆಯೇ ನಂಬಿ, ಆ ಕಾಗದವನ್ನು ದೇವರ ಪಟದ ಹಿಂದೆ ಇಟ್ಟಿದ್ದರಂತೆ. ನಾನು ಕಾಗದವನ್ನು ಓದಿದೆ. ಆ ಪದಕ್ಕೆ ಅಲ್ಲಿದ್ದ ಅರ್ಥ ಅದಾಗಿರಲಿಲ್ಲ. ಹೆಚ್ಚುಕಡಮೆ ಅದಕ್ಕೆ ತದ್ವಿರುದ್ಧವಾದುದು. ಹೊಲವನ್ನು ಸರಕಾರ ಹಿಂದಕ್ಕೆ ತೆಗೆದುಕೊಂಡಿದೆ ಎಂಬುದು ಅಲ್ಲಿನ ಮಾತು. ಇದನ್ನು ಆ ಹುಡುಗನಿಗೆ ಹೇಳಬೇಕಾಯಿತು. ಹೇಳಿದ ಮೇಲೆ, ಕನ್ನಡ ಓದಿಸುವವನಾದ ನಾನು ಒಂದು ಇಂಗ್ಲಿಷ್ ಕ್ರಿಯಾಪದದ ಹಿಂದೆ ಹಲವು ದಿನ ಅಲೆಯಬೇಕಾಯಿತು. ಆ ಅಲೆದಾಟದ ಫಲವೇ ಈ ಲೇಖನ.

'ರೆಸ್ಯೂಮ್' ಎಂಬ ಮಾತು ನಮಗೆ ಅಪರಿಚಿತವೇನಲ್ಲ. ರಜೆ ಮುಗಿಸಿ ಬಂದ ನೌಕರನು ಕೆಲಸಕ್ಕೆ 'ರೆಸ್ಯೂಮ್' ಆಗುತ್ತಾನೆ. ಊಟದ ವಿರಾಮದ ನಂತರ ಸಭೆ 'ರೆಸ್ಯೂಮ್' ಆಗುತ್ತದೆ. ಕೆಲಸ ಹುಡುಕುವ ನಮ್ಮ ಹುಡುಗರು ಬರೆದು ಕಳುಹಿಸುವ 'ರೆಸ್ಯೂಮೆ' ಕೂಡ ಇದೇ ಪದದ ಫ್ರೆಂಚ್ ರೂಪ. ಹಿಂದಿನದನ್ನು ಮತ್ತೆ ಎತ್ತಿಕೊಂಡು ಸಂಗ್ರಹವಾಗಿ ಹೇಳಿದ್ದು ಎಂದು ಅದರ ಅರ್ಥ. ಇವೆಲ್ಲದರ ಮೂಲ ಲ್ಯಾಟಿನ್ನಿನ 'ರೆಸೂಮೆರೆ'. 'ರೆ' ಎಂದರೆ ಮತ್ತೆ, ಹಿಂದಕ್ಕೆ. 'ಸೂಮೆರೆ' ಎಂದರೆ ಎತ್ತಿಕೊಳ್ಳುವುದು. ಈ 'ಸೂಮೆರೆ'ಯನ್ನು ಇನ್ನೂ ಬಿಡಿಸಿದರೆ ಒಳಗೆ 'ಎಮೆರೆ' ಎಂಬ ಧಾತು ಸಿಗುತ್ತದೆ. ಅದಕ್ಕೆ ಮೊದಲು ತೆಗೆದುಕೊಳ್ಳು ಎಂದೂ, ಬಳಿಕ ಕೊಂಡುಕೊಳ್ಳು ಎಂದೂ ಅರ್ಥ. ನಮ್ಮ 'ಕೊಳ್ಳು' ಎಂಬ ಧಾತುವೂ ಇದೇ ಹಾದಿ ಹಿಡಿದಿದೆಯಷ್ಟೆ: ಹಳಗನ್ನಡದಲ್ಲಿ ತೆಗೆದುಕೊಳ್ಳುವುದು, ಇಂದು ಅಂಗಡಿಯಲ್ಲಿ ದುಡ್ಡು ಕೊಟ್ಟು ಪಡೆಯುವುದು. ದೂರದೂರದ ಭಾಷೆಗಳು ಒಂದೇ ದಾರಿಯಲ್ಲಿ ನಡೆಯುವುದನ್ನು ಕಂಡಾಗ ಭಾಷೆಯ ವಿದ್ಯಾರ್ಥಿಗೆ ಸಂತೋಷವಾಗುತ್ತದೆ.

ಈ 'ಎಮೆರೆ'ಯ ಸಂತಾನ ದೊಡ್ಡದು. ಅದರಲ್ಲಿ ಇಬ್ಬರನ್ನು ಮಾತ್ರ ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಒಂದು 'ಎಕ್ಸೆಂಪ್ಟ್': ಹೊರಕ್ಕೆ ತೆಗೆದದ್ದು, ಅಂದರೆ ತೆರಿಗೆಯಿಂದ ಬಿಟ್ಟದ್ದು. ಇನ್ನೊಂದು ನಮ್ಮ 'ರೆಸ್ಯೂಮ್': ಹಿಂದಕ್ಕೆ ತೆಗೆದದ್ದು. ಹೀಗೆ ಮಾನ್ಯವನ್ನು ಕೊಡುವ ಮಾತೂ ಮಾನ್ಯವನ್ನು ಕೀಳುವ ಮಾತೂ ಒಂದೇ ತಾಯಿಯ ಮಕ್ಕಳು.

ಪದವು ಇಂಗ್ಲಿಷಿಗೆ ಬಂದುದು ಹದಿನೈದನೆಯ ಶತಮಾನದಲ್ಲಿ. ಆಗ ಅದರ ಮುಖ್ಯ ಅರ್ಥ 'ಮತ್ತೆ ಶುರು ಮಾಡು' ಎಂಬುದಾಗಿರಲಿಲ್ಲ. ಆರನೆಯ ಹೆನ್ರಿ ಎಂಬ ದೊರೆ ತನ್ನ ಸಿಂಹಾಸನದ ಭೂಮಿಯನ್ನು ಕೈಬಿಚ್ಚಿ ಮೆಚ್ಚಿನವರಿಗೆ ಹಂಚಿ, ಬೊಕ್ಕಸವನ್ನು ಬರಿದುಮಾಡಿದಾಗ, ಆ ದೇಶದ ಪಾರ್ಲಿಮೆಂಟಿನ ಸಾಮಾನ್ಯರ ಸಭೆ ಹಟ ಹಿಡಿದು 1450 ಮತ್ತು 1451ರಲ್ಲಿ 'ರೆಸಂಪ್ಷನ್' ಶಾಸನಗಳನ್ನು ಮಾಡಿಸಿತು. ಕೊಟ್ಟ ಭೂಮಿಯನ್ನು ದೊರೆ ಹಿಂದಕ್ಕೆ ಪಡೆಯಬೇಕು, ತನ್ನ ಮನೆಯ ಖರ್ಚನ್ನು ಅದರಿಂದ ನಡೆಸಬೇಕು, ಪ್ರಜೆಗಳ ಮೇಲೆ ಹೊಸ ತೆರಿಗೆ ಹೇರಬಾರದು ಎಂಬುದು ಅದರ ಉದ್ದೇಶ. 1755ರಲ್ಲಿ ಡಾಕ್ಟರ್ ಜಾನ್ಸನ್ ತನ್ನ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದಾಗಲೂ, ಕೊಟ್ಟದ್ದನ್ನು ಹಿಂದೆಗೆದುಕೊಳ್ಳುವುದೇ ಈ ಪದದ ಮೊದಲ ಅರ್ಥ. ನಿಂತದ್ದನ್ನು ಮುಂದುವರಿಸುವುದು ಕೊನೆಯ ಸಾಲಿನದು. ಇಂದಿನ ನಿಘಂಟುಗಳಲ್ಲಿ ಈ ಸರದಿ ತಿರುಗಿಬಿದ್ದಿದೆ. ಲೋಕದ ಬಾಯಿಯಲ್ಲಿ ಅರ್ಥ ಬದಲಾಯಿತು. ಕಚೇರಿಯ ಕಡತದಲ್ಲಿ ಬದಲಾಗಲಿಲ್ಲ. ಆ ಹುಡುಗನ ಮನೆಯವರು ಎಡವಿದ್ದು ಈ ಎರಡರ ನಡುವಿನ ಹೊಸ್ತಿಲಿನಲ್ಲಿ.

ಇನ್ನು ಬಾಗಳಿಯ ಕಲ್ಲುಗಳ ಕಡೆಗೆ ಹೋಗೋಣ. ಈ ಗುಡಿಯ ಮೂಲಭಾಗ ರಾಷ್ಟ್ರಕೂಟರ ಕಾಲದ್ದು, ಹತ್ತನೆಯ ಶತಮಾನದ ನಡುಭಾಗಕ್ಕೆ ಸೇರಿದುದು ಎಂದು ಬಲ್ಲವರ ಮತ. ಕಲ್ಯಾಣದ ಚಾಲುಕ್ಯ ವಂಶವನ್ನು ನೆಲೆಗೊಳಿಸಿದ ಆಹವಮಲ್ಲ ತೈಲಪನ ಕಾಲದಲ್ಲಿ, 987ರ ಸುಮಾರಿಗೆ, ದುಗ್ಗಿಮಯ್ಯನೆಂಬವನು ಇದನ್ನು ಕಟ್ಟಿಸಿ ಬೆಳಸಿದನು. ಶಾಸನಗಳಲ್ಲಿ ದೇವರ ಹೆಸರು ಕಲಿದೇವ. ಊರ ಹೆಸರು ಬಾಲ್ಗಳಿ. ಆಮೇಲಿನ ಚಾಲುಕ್ಯ ದೊರೆಗಳ ಕಾಲದಲ್ಲಿ, ಅದರಲ್ಲಿಯೂ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ದತ್ತಿಯ ಮೇಲೆ ದತ್ತಿ ಬಂದು ಇಲ್ಲಿ ಹತ್ತಾರು ಹಳಗನ್ನಡ ಶಾಸನಗಳು ನಿಂತವು. 1896ರಲ್ಲಿ ಅಲೆಕ್ಸಾಂಡರ್ ರೀ ಬಳ್ಳಾರಿ ಸೀಮೆಯ ಚಾಲುಕ್ಯ ಗುಡಿಗಳ ಮೇಲೆ ಬರೆದ ಗ್ರಂಥದಿಂದ ಇಲ್ಲಿನ ಶಿಲ್ಪ ಹೊರಗಿನವರಿಗೆ ತಿಳಿಯಿತು. ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಇವರು ಸಂಪಾದಿಸಿ 1939ರಲ್ಲಿ ಹೊರತಂದ, ಮದರಾಸು ಪ್ರಾಂತದ ಕನ್ನಡ ಶಾಸನಗಳ ಸಂಪುಟದಿಂದ ಇಲ್ಲಿನ ಅಕ್ಷರಗಳೂ ಬೆಳಕಿಗೆ ಬಂದವು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಜಗತ್ತಿಗೆ ಕೊಟ್ಟ ಶಾಮಶಾಸ್ತ್ರಿಗಳ ಕಣ್ಣು ನಮ್ಮ ಬಾಗಳಿಯ ಕಲ್ಲಿನ ಮೇಲೂ ಆಡಿತ್ತೆಂಬುದು ಈ ಸೀಮೆಯವರು ಹೆಮ್ಮೆಪಡತಕ್ಕ ಮಾತು.

ಆ ಕಾಲದ ದಾನಶಾಸನಗಳ ಜೀವವಿರುವುದು ಕೆಲವೇ ಕ್ರಿಯಾಪದಗಳಲ್ಲಿ. ಅರಸನ ಬಿರುದುಗಳು ಎಷ್ಟು ಉದ್ದವಿದ್ದರೂ ಅವು ಪೀಠಿಕೆ. ದಾನಿಯು ಪಡೆಯುವವರ ಕಾಲು ತೊಳೆದು, ಕೈಗೆ ನೀರೆರೆದು, ಧಾರಾಪೂರ್ವಕವಾಗಿ 'ಕೊಟ್ಟನು' ಅಥವಾ 'ಬಿಟ್ಟನು' ಎಂಬಲ್ಲಿಗೆ ಕಾರ್ಯ ಮುಗಿಯುತ್ತದೆ. ಬಿಡುವುದು ಏನನ್ನು? ಇಷ್ಟು ಮತ್ತರು ಕೆಯ್, ಒಂದು ಹೂದೋಟ, ಒಂದು ಗಾಣ, ನಂದಾದೀವಿಗೆಗೆ ಎಣ್ಣೆ, ಸುಂಕದಲ್ಲಿ ಇಷ್ಟು ಹಣ. ಏಕೆ? ದೇವರ ಅಂಗಭೋಗಕ್ಕೆ, ಗುಡಿಯ ಒಡಕು ಬಿರುಕುಗಳ ಜೀರ್ಣೋದ್ಧಾರಕ್ಕೆ, ತಪಸ್ವಿಗಳ ಆಹಾರಕ್ಕೆ, ಓದಿಸುವವರಿಗೆ. ಎಷ್ಟು ಕಾಲ? ಚಂದ್ರಸೂರ್ಯರು ಇರುವಷ್ಟು ಕಾಲ.

'ಬಿಡು' ಎಂಬ ಈ ಪುಟ್ಟ ಧಾತುವನ್ನು ನೋಡಿ. ಕೈಬಿಡುವುದೂ ಅದರಿಂದಲೇ, ಬಿಡುಗಡೆಯೂ ಅದರಿಂದಲೇ, ದಣಿದವನಿಗೆ ಸಿಗುವ ಬಿಡುವೂ ಅದರಿಂದಲೇ. ದಂಡು ಇಳಿದ ಜಾಗ 'ಬೀಡು' ಆದದ್ದೂ ಹಾಗೆಯೇ. ದಾನದ ಸಂದರ್ಭದಲ್ಲಿ ಅದು ಹೇಳುವುದು ಇಷ್ಟು: ಇದರ ಮೇಲಿದ್ದ ನನ್ನ ಹಿಡಿತವನ್ನು ಸಡಿಲಿಸಿದೆ, ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಇಂದಿಗೂ ನಮ್ಮ ಕಡೆ ದೇವರಿಗೆ ಬಸವನನ್ನು 'ಬಿಡುತ್ತಾರೆ'. ಬಿಟ್ಟ ಬಸವನ ಕೊರಳಿಗೆ ಮತ್ತೆ ಯಾರೂ ಹಗ್ಗ ಹಾಕುವುದಿಲ್ಲ. ಹಾಕಿದರೆ ಊರು ಸುಮ್ಮನಿರುವುದಿಲ್ಲ. ದಾನದ ಭೂಮಿಯೂ ಹೀಗೆ ಬಿಟ್ಟ ಬಸವನಂತೆ ಎಂಬುದು ಶಾಸನದ ಭಾವ.

ಆದರೆ ಶಾಸನ ಬರೆಸಿದವರು ಮುಗ್ಧರೇನೂ ಅಲ್ಲ. ಮುಂದೆ ಬರುವವನು ಹಗ್ಗ ಹಿಡಿದೇ ಬರುತ್ತಾನೆಂದು ಅವರಿಗೆ ಗೊತ್ತಿತ್ತು. ಆದುದರಿಂದಲೇ ಕೊನೆಯಲ್ಲಿ ಶಾಪಾಶಯಗಳು. ಇದನ್ನು ಸಲಿಸಿದವನಿಗೆ ಪುಣ್ಯಕ್ಷೇತ್ರಗಳಲ್ಲಿ ಗೋದಾನ ಮಾಡಿದ ಫಲ. ಅಳಿದವನಿಗೆ ಅದೇ ಕ್ಷೇತ್ರಗಳಲ್ಲಿ ಗೋವನ್ನು ಕೊಂದ ಪಾಪ. ಇದರ ಜೊತೆಗೆ ನಾಡಿನ ಎಲ್ಲೆಡೆಯ ದಾನಶಾಸನಗಳಲ್ಲಿ ಬರುವ ಒಂದು ಸಂಸ್ಕೃತ ಶ್ಲೋಕವುಂಟು. ದತ್ತಿಯ ನೆಲವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಬೀಳುವನೆಂಬುದು ಅದರ ಭಾವ. ಇಲ್ಲಿ ಶಿಕ್ಷೆಗಿಂತ ಮುಖ್ಯವಾದುದು ಅದರ ಮೊದಲ ಎರಡು ಪದಗಳು: ಸ್ವದತ್ತ, ಪರದತ್ತ. ಇತರರು ಕೊಟ್ಟದ್ದನ್ನು ಕಸಿಯುವುದು ಪಾಪವೆಂದು ಯಾರೂ ಹೇಳಬಹುದು. ಈ ಶ್ಲೋಕವಾದರೋ ತಾನೇ ಕೊಟ್ಟದ್ದನ್ನು ತಾನೇ ಹಿಂದೆಗೆದುಕೊಳ್ಳುವುದೂ ಅಪಹರಣವೇ ಎನ್ನುತ್ತದೆ. ನೀರೆರೆದ ಮೇಲೆ ಕೊಟ್ಟವನೂ ಪರನೇ. ಅಂದರೆ ಇಂಗ್ಲಿಷಿನ 'ರೆಸ್ಯೂಮ್' ಯಾವ ಹಕ್ಕನ್ನು ಹೇಳುತ್ತದೆಯೋ, ಆ ಹಕ್ಕೇ ಇಲ್ಲವೆಂದು ನಮ್ಮ ಕಲ್ಲು ಹೇಳುತ್ತದೆ.

ಈ ಎರಡು ಮಾತುಗಳು ಒಂದನ್ನೊಂದು ಸಂಧಿಸಿದ್ದು 1800ರಲ್ಲಿ. ವಿಜಯನಗರದ ಪತನಾನಂತರ ಹರಪನಹಳ್ಳಿ ಸೀಮೆ ಪಾಳೆಯಗಾರರ ಕೈಸೇರಿತ್ತು; ಅವರು ಕಾಲಕ್ಕೆ ತಕ್ಕಂತೆ ದೊಡ್ಡ ದೊರೆಗಳಿಗೆ ಕಪ್ಪ ಕೊಟ್ಟುಕೊಂಡು ಬಂದರು. ಟಿಪ್ಪುವಿನ ರಾಜ್ಯದಿಂದ 1792ರಲ್ಲಿಯೂ 1799ರಲ್ಲಿಯೂ ನಿಜಾಮನ ಪಾಲಿಗೆ ಬಂದ ಜಿಲ್ಲೆಗಳನ್ನು, ತನ್ನ ರಕ್ಷಣೆಗೆ ಇಟ್ಟುಕೊಂಡ ಇಂಗ್ಲಿಷ್ ಸೈನ್ಯದ ವೆಚ್ಚಕ್ಕಾಗಿ ಅವನು 1800ರಲ್ಲಿ ಕಂಪೆನಿಗೆ ಬಿಟ್ಟುಕೊಟ್ಟನು. ಇಂಗ್ಲಿಷರು ಇವನ್ನು 'ಸೀಡೆಡ್ ಡಿಸ್ಟ್ರಿಕ್ಟ್ಸ್' ಎಂದರು. ಆ ಕ್ರಿಯಾಪದದ ಲ್ಯಾಟಿನ್ ಮೂಲಕ್ಕೆ ಹಿಂದೆ ಸರಿ, ಜಾಗ ಬಿಡು ಎಂದರ್ಥ. ಕನ್ನಡದ 'ಬಿಟ್ಟುಕೊಡು'ವಿಗೆ ಸರಿಯಾದ ಮಾತು. ದೇಶಭಾಷೆಯಲ್ಲಿ ಇವಕ್ಕೆ 'ದತ್ತ ಮಂಡಲಗಳು' ಎಂಬ ಹೆಸರಾಯಿತು. ಶ್ಲೋಕದಲ್ಲಿದ್ದ 'ದತ್ತ' ಈಗ ಇಡೀ ಸೀಮೆಯ ಹೆಸರಾಗಿ ಕುಳಿತದ್ದು ವಿಧಿಯ ವಿನೋದವೆನ್ನಬೇಕು. ತಾನೇ ದತ್ತವಾಗಿ ಪಡೆದ ನಾಡಿನಲ್ಲಿ, ಹಿಂದಿನವರು ದತ್ತಿ ಬಿಟ್ಟ ಭೂಮಿಯ ಲೆಕ್ಕ ಕೇಳುವುದು ಕಂಪೆನಿಯ ಮೊದಲ ಕೆಲಸಗಳಲ್ಲೊಂದಾಯಿತು.

ಲೆಕ್ಕ ಕೇಳಲು ಬಂದವನು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಅವನು ದತ್ತ ಮಂಡಲಗಳ ಪ್ರಧಾನ ಕಲೆಕ್ಟರನಾಗಿದ್ದು, ಬಹುಕಾಲ ಡೇರೆಗಳಲ್ಲಿ ವಾಸಿಸುತ್ತ ಹಳ್ಳಿಹಳ್ಳಿ ಸುತ್ತಿದನು. ರೈತನಿಗೂ ಸರಕಾರಕ್ಕೂ ನಡುವೆ ಜಮೀನ್ದಾರನೊಬ್ಬ ಇರಬಾರದೆಂಬ ರೈತವಾರಿ ಪದ್ಧತಿಗೆ ಅವನ ಹೆಸರೇ ಅಂಟಿಕೊಂಡಿದೆ. ಈ ಸೀಮೆಗಳಲ್ಲಿ ಜನ ತಮ್ಮ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟರೆಂದು ಹೇಳುತ್ತಾರೆ. ಮುಂದೆ ಮದರಾಸಿನ ಗವರ್ನರನಾಗಿ, 1827ರಲ್ಲಿ ಈ ನಾಡನ್ನೇ ಮತ್ತೊಮ್ಮೆ ನೋಡಲು ಬಂದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ಇಂಥ ಮನ್ರೋ 1822ರಲ್ಲಿ, ಆರ್ಕಾಟಿನ ನವಾಬರು ಕೊಟ್ಟಿದ್ದ ಆಲ್ತಮ್ಘಾ ಇನಾಮುಗಳ ವಿಚಾರವಾಗಿ ಒಂದು ಟಿಪ್ಪಣಿ ಬರೆದನು. ದಾನಪತ್ರಗಳಲ್ಲಿ ಬರುವ 'ಎಂದೆಂದಿಗೂ', 'ವಂಶಪಾರಂಪರ್ಯವಾಗಿ' ಮುಂತಾದ ಮಾತುಗಳು ಬರಿಯ ಬರವಣಿಗೆಯ ರೂಢಿ. ಕೊಟ್ಟವನಾಗಲಿ ಪಡೆದವನಾಗಲಿ ಅವು ಹೇಳುವಷ್ಟು ಶಾಶ್ವತತೆಯನ್ನು ಎಂದೂ ನಿರೀಕ್ಷಿಸಿದ್ದಿಲ್ಲ. ಈ ದೇಶದ ಅರಸರು ಬೇಕೆಂದಾಗ ಇನಾಮನ್ನು ಹಿಂದಕ್ಕೆ ಪಡೆಯುತ್ತಿದ್ದರು. ಅವರ ಜಾಗದಲ್ಲಿ ಕುಳಿತ ಸರಕಾರಕ್ಕೂ ಆ ಅಧಿಕಾರವುಂಟು ಎಂಬುದು ಅವನ ವಾದದ ಸಾರ.

ಶಾಸನವನ್ನು ಪ್ರೀತಿಸುವವನಿಗೆ ಈ ವಾದ ಕೆನ್ನೆಗೆ ಹೊಡೆದಂತಾಗುತ್ತದೆ. 'ಆಚಂದ್ರಾರ್ಕ' ಎಂಬುದು ಬರಿಯ ಅಲಂಕಾರವೇ? ದುಗ್ಗಿಮಯ್ಯ ಕಲ್ಲಿನಲ್ಲಿ ಕೊರೆಯಿಸಿದ್ದು ಕಾಲಕ್ಷೇಪಕ್ಕೋ? ಆದರೆ ಸಿಟ್ಟನ್ನು ಬದಿಗಿಟ್ಟು ನೋಡಿದರೆ, ಮನ್ರೋವಿನ ಮಾತಿನಲ್ಲಿ ಒಂದು ಸತ್ಯಾಂಶವಿದೆಯೆಂದು ಒಪ್ಪಬೇಕು. ಅರಸರು ಎಂದೂ ಹಿಂದೆಗೆಯದಿದ್ದರೆ ಅಷ್ಟೊಂದು ಶಾಪಗಳ ಅಗತ್ಯವೇನಿತ್ತು? ಬೀಗವಿದ್ದಲ್ಲಿ ಕಳ್ಳನಿದ್ದಾನೆಂದೇ ಅರ್ಥ. ಮನ್ರೋ ತಪ್ಪಿದ್ದು ಎಲ್ಲಿ ಎಂದರೆ, ಪಾಪವೆಂದು ತಿಳಿದೂ ಜನ ಮಾಡುತ್ತಿದ್ದ ಕಾರ್ಯವನ್ನು ಅವನು ಹಕ್ಕೆಂದು ಎಣಿಸಿದನು. ಇಡೀ ವಾದದ ಭಾರ ನಿಂತಿರುವುದು 'ರೆ' ಎಂಬ ಒಂದಕ್ಷರದ ಉಪಸರ್ಗದ ಮೇಲೆ. 'ತೆಗೆದುಕೊಂಡೆವು' ಎಂದಿದ್ದರೆ, ಯಾರದನ್ನು ಎಂಬ ಪ್ರಶ್ನೆ ಏಳುತ್ತಿತ್ತು. 'ಹಿಂದಕ್ಕೆ' ತೆಗೆದುಕೊಂಡೆವು ಎಂದೊಡನೆ ಅದು ಮೊದಲೇ ನಮ್ಮದಾಗಿತ್ತು ಎಂದಾಯಿತು. ವಾದಿಸಬೇಕಾದ ಮಾತನ್ನು ವ್ಯಾಕರಣವೇ ಹೇಳಿ ಮುಗಿಸಿತು. ಹತ್ತನೆಯ ಶತಮಾನದಲ್ಲಿ ಬಾಗಳಿಯಲ್ಲಿ ಬಿಟ್ಟ ಕೆಯ್, ಲಂಡನ್ನಿನ ಒಂದು ವ್ಯಾಪಾರದ ಕಂಪೆನಿಗೆ ಮೊದಲು ಎಂದು ಸೇರಿತ್ತು?

ಕಂಪೆನಿಯ ಕೈ ಎಲ್ಲ ಕಡೆಯೂ ಒಂದೇ ಸಮನಾಗಿ ಬಿಗಿಯಲಿಲ್ಲ. ತುಂಗಭದ್ರೆಯ ಆಚೆಯ ಮುಂಬಯಿ ಕರ್ನಾಟಕದಲ್ಲಿ 1852ರ ಕಾನೂನಿನಂತೆ ಇನಾಂ ಕಮಿಷನ್ ಮನೆಮನೆಯ ಸನದುಗಳನ್ನು ಜಾಲಾಡಿತು. ಅದರಿಂದ ಹುಟ್ಟಿದ ಅಸಮಾಧಾನ, ದತ್ತಕದ ನಿರಾಕರಣೆ, ಆಯುಧಗಳ ಜಪ್ತಿ ಇವೆಲ್ಲ ಸೇರಿ 1858ರಲ್ಲಿ ನರಗುಂದದಲ್ಲಿಯೂ, ನಮ್ಮ ಹಡಗಲಿಯಿಂದ ಹೊಳೆಯಾಚೆಗಿರುವ ಮುಂಡರಗಿಯಲ್ಲಿಯೂ ಬಂಡಾಯದ ಕಿಚ್ಚಾದವು. ಈಚೆಯ ದಡದಲ್ಲಿ ಮದರಾಸು ಸರಕಾರ ಆ ಕಿಚ್ಚನ್ನು ನೋಡಿ ಎಚ್ಚತ್ತಿತೆಂದು ತೋರುತ್ತದೆ. ಅದೇ 1858ರಲ್ಲಿ ಜಿ. ಎನ್. ಟೇಲರನ ಕೈಕೆಳಗೆ ಇಲ್ಲಿಯೂ ಇನಾಂ ಕಮಿಷನ್ ನೇಮಕವಾಯಿತು. ಆದರೆ ಅದರ ನಿಯಮಗಳು ಮೆತ್ತಗಿನವು. ಐವತ್ತು ವರ್ಷಗಳ ಅನುಭೋಗವಿದ್ದರೆ ಇನಾಮು ಊರ್ಜಿತವೆಂದೇ ಭಾವಿಸುವುದು. ಇನಾಂದಾರನು ಬಯಸಿದರೆ ಸ್ವಲ್ಪ ವಾರ್ಷಿಕ ಜೋಡಿಯನ್ನು ಒಪ್ಪಿಕೊಂಡು ಭೂಮಿಯನ್ನು ಪೂರ್ಣ ಸ್ವಾಮ್ಯವಾಗಿ ಪಡೆಯುವುದು. ಇದಕ್ಕೆ ಅವರು ಇಟ್ಟ ಹೆಸರು 'ಎನ್‌ಫ್ರಾಂಚೈಸ್', ಬಿಡುಗಡೆ ಮಾಡು ಎಂದು. ಯಾವುದರಿಂದ ಬಿಡುಗಡೆ? ಸರಕಾರ ಮುಂದೆಂದಾದರೂ 'ರೆಸ್ಯೂಮ್' ಮಾಡೀತು ಎಂಬ ಭಯದಿಂದ. ಕಟ್ಟಿಹಾಕಿದವನೇ ಬಿಡುಗಡೆಯ ಬೆಲೆಯನ್ನೂ ಗೊತ್ತುಮಾಡಿದನು. ದೇವರ ಇನಾಮುಗಳನ್ನಾದರೋ, ಸೇವೆ ನಡೆಯುವ ತನಕ ಎಂಬ ಷರತ್ತಿನ ಮೇಲೆ ಖಾಯಂ ಮಾಡಿದರು. ಚಂದ್ರಸೂರ್ಯರ ಸಾಕ್ಷಿಯಿದ್ದಲ್ಲಿ ಕಚೇರಿಯ ಮೊಹರು ಬಂದಿತು. ಕಲ್ಲು ಗುಡಿಯ ಅಂಗಳದಲ್ಲಿ ಉಳಿಯಿತು. ಹಕ್ಕು ಕಾಗದಕ್ಕೆ ಹೋಯಿತು.

ಇಷ್ಟು ಹೇಳಿ ಇಂಗ್ಲಿಷರ ಮೇಲೆ ಎಲ್ಲವನ್ನೂ ಹೇರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಹುಡುಗನ ಕಾಗದ ಇಂಗ್ಲಿಷರದಲ್ಲ. 1953ರ ಅಕ್ಟೋಬರ್ 1ರಂದು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳು ಬಳ್ಳಾರಿಯೊಂದಿಗೆ ಮೈಸೂರು ರಾಜ್ಯವನ್ನು ಸೇರಿದವು. ಮೂರು ವರ್ಷಗಳಲ್ಲಿ ಕನ್ನಡ ನಾಡು ಒಂದಾಯಿತು. ಹೊಸ ಪ್ರಜಾರಾಜ್ಯಕ್ಕೆ ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ, ತಳವಾರಿಕೆಗಳು ಒಪ್ಪತಕ್ಕವಾಗಿರಲಿಲ್ಲ, ಅದು ಸರಿಯೇ. 1961ರಲ್ಲಿ ಮೈಸೂರು ಗ್ರಾಮ ಹುದ್ದೆಗಳ ರದ್ದತಿ ಕಾನೂನು ಆಯಿತು. 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಅದರ ನಾಲ್ಕನೆಯ ಪ್ರಕರಣದಲ್ಲಿ, ಹುದ್ದೆಗೆ ಅಂಟಿದ ಭೂಮಿಯೆಲ್ಲ ಈ ಮೂಲಕ 'ರೆಸ್ಯೂಮ್' ಆಗಿದೆಯೆಂದು ಹೇಳಿದೆ. ಮನ್ರೋ ಹೋಗಿ ಬಹುಕಾಲವಾಗಿತ್ತು. ಅವನ ಕ್ರಿಯಾಪದ ನಮ್ಮ ಶಾಸನಸಭೆಯಲ್ಲಿ ಬಂದು ಕುಳಿತಿತ್ತು. ಆದರೆ ಕಾನೂನು ಅಲ್ಲಿಗೇ ನಿಲ್ಲಲಿಲ್ಲ. ಮುಂದಿನ ಪ್ರಕರಣಗಳಲ್ಲಿ, ಹಿಂದೆ ಹುದ್ದೆ ನಡೆಸುತ್ತಿದ್ದವನಿಗೇ ನಿಗದಿಯಾದ ಹಣ ಕಟ್ಟಿಸಿಕೊಂಡು ಭೂಮಿಯನ್ನು 'ರೀಗ್ರಾಂಟ್' ಮಾಡುವ ದಾರಿ ತೆರೆದಿಟ್ಟಿತ್ತು. ತೆಗೆದುಕೊಳ್ಳುವುದಕ್ಕೂ ಒಂದು 'ರೆ'. ಕೊಡುವುದಕ್ಕೂ ಒಂದು 'ರೀ'. ಮೊದಲನೆಯದು ಕಾನೂನಿನ ಮಾತಿನಿಂದ ತಾನಾಗಿ ಆಯಿತು. ಎರಡನೆಯದಕ್ಕೆ ಗಡುವು, ಅರ್ಜಿ, ಹಣ, ತಿಳಿವಳಿಕೆ ಇವೆಲ್ಲ ಬೇಕಾಗಿದ್ದವು. ಹೊಲ ಮತ್ತೆ ಚಾಲೂ ಆಯಿತೆಂದು ನಂಬಿ ಕಾಗದವನ್ನು ದೇವರ ಹಿಂದೆ ಇಟ್ಟವನು ಅರ್ಜಿಯನ್ನು ಏಕೆ ಕೊಟ್ಟಾನು?

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಶಾಸನಗಳ 'ಬಿಟ್ಟರು' ಎಂಬುದು ಎಷ್ಟೇ ಉದಾರವಾಗಿದ್ದರೂ, ಬಿಟ್ಟ ಕೆಯ್ಯನ್ನು ಉತ್ತವನ ಹೆಸರು ಕಲ್ಲಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ತಳವಾರರ, ತೋಟಿಗಳ, ಹೊಲೆಮಾದಿಗರ ಪೂರ್ವಿಕರು ಆ ದಾನಗಳಲ್ಲಿ ಕೊಟ್ಟವರೂ ಅಲ್ಲ, ಕೊಂಡವರೂ ಅಲ್ಲ. ಅವರ ಪಾಲಿಗೆ ಇದ್ದದ್ದು ಬಿಟ್ಟಿ. ಈ 'ಬಿಟ್ಟಿ' ಎಂಬ ಪದ 'ಬಿಡು'ವಿನಿಂದ ಬಂದಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಸಂಸ್ಕೃತದ 'ವಿಷ್ಟಿ', ಎಂದರೆ ಕೂಲಿಯಿಲ್ಲದ ದುಡಿಮೆ, ಅದರ ತದ್ಭವ ಇದು. ಬಿಟ್ಟವರಿಗೂ ಬಿಟ್ಟಿ ದುಡಿದವರಿಗೂ ಪದದ ನೆಂಟಸ್ತನ ಕೂಡ ಇಲ್ಲ.

ಆ ಜನಕ್ಕೆ ಭೂಮಿ ಸಿಕ್ಕಿದ್ದು ಈಚಿನ ಕಾಲದಲ್ಲಿ, ಸರಕಾರದ ಮಂಜೂರಾತಿಯಿಂದ. ಸಿಕ್ಕಿದ್ದು ಎಷ್ಟೋ ಕಡೆ ಸಾಲಕ್ಕೆ, ಮೋಸಕ್ಕೆ, ಮೂರು ಕಾಸಿಗೆ ಕೈಬಿಟ್ಟೂಹೋಯಿತು. ಅದನ್ನು ತಡೆಯಲು ಕರ್ನಾಟಕದಲ್ಲಿ 1978ರಲ್ಲಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನುಗಳ ಪರಭಾರೆಯನ್ನು ನಿಷೇಧಿಸುವ ಕಾನೂನು ಬಂದಿತು. ಅದರ ಐದನೆಯ ಪ್ರಕರಣದ ತಲೆಬರಹದಲ್ಲಿಯೇ ನಮ್ಮ ಪದವಿದೆ. ಷರತ್ತು ಮೀರಿ ಕೈಬದಲಾದ ಜಮೀನನ್ನು ಅಸಿಸ್ಟೆಂಟ್ ಕಮಿಷನರು 'ರೆಸ್ಯೂಮ್' ಮಾಡಿ, ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಹಿಂದಿರುಗಿಸಬೇಕು. 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಕಾನೂನನ್ನು ಎತ್ತಿಹಿಡಿಯಿತು. ಬಹಳ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲವೆಂದು 2017ರಲ್ಲಿ ಅದೇ ಕೋರ್ಟು ಹೇಳಿದಾಗ, ಅರ್ಜಿಗೆ ಕಾಲದ ಮಿತಿಯಿಲ್ಲವೆಂದು ರಾಜ್ಯದ ಶಾಸನಸಭೆ 2023ರಲ್ಲಿ ತಿದ್ದುಪಡಿ ಮಾಡಿತು. ಒಂದು ಕ್ರಿಯಾಪದವು ಮನ್ರೋವಿನ ಕೈಯಲ್ಲಿ ಒಂದಾಗಿತ್ತು, ಇಲ್ಲಿ ಇನ್ನೊಂದಾಯಿತು. 1450ರಲ್ಲಿ ಸಾಮಾನ್ಯರು ತಮ್ಮ ದೊರೆಯನ್ನು ಬಗ್ಗಿಸಲು ಹಿಡಿದ ಅದರ ಹಳೆಯ ಮುಖ, ನಮ್ಮ ನಾಡಿನಲ್ಲಿ ಹೀಗೆ ಮತ್ತೊಮ್ಮೆ ಕಂಡಿತೆನ್ನಬಹುದು.

ಆದುದರಿಂದ ಪದದ ಮೇಲೆ ನನಗೆ ಮುನಿಸಿಲ್ಲ. ಯಾವ ಪದವೂ ತಾನಾಗಿ ಕಳ್ಳನಲ್ಲ, ಸಾಧುವೂ ಅಲ್ಲ. ಯಾರು ಯಾರಿಂದ ತೆಗೆದುಕೊಂಡು ಯಾರಿಗೆ ಕೊಟ್ಟರು ಎಂಬುದನ್ನು ನೋಡಿ ಅದರ ಗುಣವನ್ನು ಹೇಳಬೇಕು. ನನ್ನ ದೂರು ಬೇರೆ. ಭೂಮಿಯನ್ನು ಕೊಡುವ ಮಾತನ್ನು ನಮ್ಮವರು ಹತ್ತನೆಯ ಶತಮಾನದಲ್ಲಿ ಊರ ನಡುವೆ, ಕಲ್ಲಿನ ಮೇಲೆ, ಕನ್ನಡದಲ್ಲಿ ಬರೆಸಿದರು. ಮೇಲಿನ ಶ್ಲೋಕ ಸಂಸ್ಕೃತದಲ್ಲಿರಬಹುದು. ಎಲ್ಲೆ ಎಲ್ಲಿಯದು, ಮತ್ತರೆಷ್ಟು, ಬಿಟ್ಟವರ್ಯಾರು ಎಂಬುದು ಮಾತ್ರ ಕನ್ನಡದಲ್ಲಿಯೇ. ಓದು ಬಾರದವನಿಗೂ ಇನ್ನೊಬ್ಬ ಓದಿ ಹೇಳಬಹುದಾಗಿತ್ತು. ತೆಗೆದುಕೊಳ್ಳುವ ಮಾತನ್ನು ನಾವು ಇಪ್ಪತ್ತನೆಯ ಶತಮಾನದಲ್ಲಿ, ಭೂಮಿ ಕಳೆದುಕೊಳ್ಳುವವನಿಗೆ ತಿಳಿಯದ ಭಾಷೆಯಲ್ಲಿ ಬರೆದೆವು. 1963ರಲ್ಲಿಯೇ ನಮ್ಮ ರಾಜ್ಯದಲ್ಲಿ ರಾಜಭಾಷಾ ಕಾನೂನು ಆಯಿತು. ಹುದ್ದೆಗಳ ರದ್ದತಿ ಜಾರಿಗೆ ಬಂದುದೂ ಅದೇ ವರ್ಷ. ಎರಡೂ ಒಂದನ್ನೊಂದು ಕಂಡು ಮಾತನಾಡಿದ್ದರೆ, 'ನಿನ್ನ ಹೊಲವನ್ನು ಸರಕಾರ ಹಿಂದಕ್ಕೆ ತೆಗೆದುಕೊಂಡಿದೆ. ಇಂಥ ದಿನದೊಳಗೆ ಅರ್ಜಿ ಕೊಟ್ಟರೆ ಮತ್ತೆ ಕೊಡುತ್ತದೆ' ಎಂಬ ಎರಡು ಸಾಲು ಆ ಅಜ್ಜನ ಕೈಗೆ ಸಿಗುತ್ತಿದ್ದವು.

ಬಾಗಳಿಯೂ ಈಚೆಗೆ ಬಹಳ ಕೈಬದಲಾಗಿದೆ. 1997ರಲ್ಲಿ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು; 2018ರಲ್ಲಿ ಬಳ್ಳಾರಿಗೆ ಮರಳಿತು; 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಒಮ್ಮೆ ಬಿಟ್ಟುಕೊಟ್ಟದ್ದೂ, ಒಮ್ಮೆ ಹಿಂದಕ್ಕೆ ಪಡೆದದ್ದೂ ಆಯಿತು. ಕಲಿದೇವನ ಗುಡಿ ಮಾತ್ರ ಇದ್ದಲ್ಲಿಯೇ ಇದೆ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟು: "ನಿಮ್ಮ ಮನೆಯವರು ಓದಿದ ಅರ್ಥವೂ ನಿಘಂಟಿನಲ್ಲಿದೆಯಪ್ಪ, ಆದರೆ ಕಾಗದದಲ್ಲಿರುವುದು ಅದಲ್ಲ. ರೀಗ್ರಾಂಟ್ ಆದೇಶ ಏನಾದರೂ ಆಗಿದೆಯೋ ಎಂದು ವಿಚಾರಿಸು. ಹಳೆಯ ವಹಿಗಳ ನಕಲು ಕೇಳು." ಅವನು ಅರ್ಜಿ ಬರೆದನು. ಕನ್ನಡದಲ್ಲಿಯೇ ಬರೆ ಎಂದೆ, ಹಾಗೆಯೇ ಬರೆದನು. ಇನ್ನೂ ಉತ್ತರ ಬಂದಿಲ್ಲ.

ಮೊನ್ನೆ ಮತ್ತೆ ಸಿಕ್ಕಿದಾಗ, "ಸರ್, ಅಜ್ಜಿಗೆ ಹೇಳಿದೆ ರೀ, ಅದು ಚಾಲೂ ಆಗಿದ್ದಲ್ಲ, ವಾಪಸ್ ತಗೊಂಡದ್ದು ಅಂತ" ಎಂದನು. "ಏನಂದರು?" ಎಂದೆ. "ಹಂಗಾದ್ರ ಅವತ್ತ ಹಂಗ ಹೇಳಬೇಕಾಗಿತ್ತಲ್ಲ ಅಂದ್ಲು ರೀ."

ಅಜ್ಜಿಯ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಷ್ಟು ನಿಘಂಟುಗಳನ್ನು ಮಗುಚಿಹಾಕಿದ ಮೇಲೂ ಇಲ್ಲ.